ನೀಲಾಳ ಕೈಗೆಟುಕುವ ಎತ್ತರ

ನೀಲಾಳ ಅಪ್ಪನಿಗೆ,

ಹೆಸರು ಬರೆಯೋಣವೆಂದು ಪೆನ್ನು ಹಿಡಿದೆ, ಕೈ ಬರಲಿಲ್ಲ. ನೀವಿದ್ದಾಗ ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ, ಈಗ ಕರೆದರೆ ನೀವೇ ನಗುತ್ತೀರಿ. ಹೇಗಿದ್ದೀರಿ ಎಂದು ಕೇಳುವ ಹಾಗೂ ಇಲ್ಲ. ನಮ್ಮ ಸುದ್ದಿಯನ್ನಷ್ಟೇ ಹೇಳುತ್ತೇನೆ. ನಿಮ್ಮ ಸೈಕಲ್‌ಗಳು ಕೊನೆಗೂ ಗೋಡೆ ಹತ್ತಿದವು. ಪಡಸಾಲೆಯ ನೆಲ ಕಾಣುತ್ತಿದೆ. ಇಷ್ಟು ವರ್ಷ ನಾನು ಬಾಯಿ ಬಡಿದುಕೊಂಡದ್ದು ಇದಕ್ಕೇ ಅಲ್ಲವೇ? ಈಗ ಆ ಖಾಲಿ ನೆಲವನ್ನು ದಿನಕ್ಕೆ ಎರಡೆರಡು ಸಲ ಗುಡಿಸುತ್ತೇನೆ.

ನೆನಪಿದೆಯೇ, ನನ್ನ ತಮ್ಮ ಈರಣ್ಣ ಬನಹಟ್ಟಿಯಿಂದ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು ಕೂಗುತ್ತಿದ್ದುದು? "ಮಾವಾರ, ಒಳಗ ಬರಾಕ ಗಂಟಿ ಬಾರಸಬೇಕೇನ್ರಿ?" ಕಾಲಿಡಲು ಜಾಗವಿದ್ದರಲ್ಲವೇ ಅವನು ಒಳಗೆ ಬರುವುದು! ನೀವು ಹುನ್ನೂರಿನ ಶಾಲೆಗೆ ಓಡಿಸುತ್ತಿದ್ದ ಕರಿ ಸೈಕಲ್ಲು, ನೀಲಾ ಮೊದಲು ಕಲಿತ ಸಣ್ಣದು, ಅವಳ ಈಗಿನ ರೇಸಿನದು, ಸ್ವಂತ ಸೈಕಲ್ಲಿಲ್ಲದ ಶಾಲೆಯ ಮಕ್ಕಳು ಕಲಿಯಲು ಬಂದರೆ ಇರಲಿ ಎಂದು ಇಟ್ಟಿದ್ದ ಮತ್ತೊಂದು, ಎಲ್ಲಕ್ಕೂ ಮುಂದೆ ನಿಮ್ಮ ರೇಸಿನದು. ಪಿ.ಟಿ. ಮಾಸ್ತರರ ಮನೆಯಲ್ಲಿ ಕುರ್ಚಿಗಿಂತ ಸೈಕಲ್ಲೇ ಹೆಚ್ಚು. ನನ್ನ ಸೆರಗು ಎಷ್ಟು ಸಲ ಹ್ಯಾಂಡಲ್ಲಿಗೆ ಸಿಕ್ಕಿ ಹರಿಯಿತೋ ದೇವರಿಗೇ ಗೊತ್ತು. "ಇದು ಮನಿಯೋ ಸೈಕಲ್ ಅಂಗಡಿಯೋ?" ಎಂದು ನಾನು ಬೈದಾಗಲೆಲ್ಲ ನಿಮ್ಮದು ಒಂದೇ ಮಾತು. "ಮುಂದಿನ ಐತವಾರ ಗ್ವಾಡಿಗಿ ಹುಕ್ಕ ಬಡದು ಎಲ್ಲಾ ಮ್ಯಾಲ ತೂಗಹಾಕ್ತೇನಿ, ಸುಮ್ನಿರ ನಮ್ಮವ್ವಾ." ಐತವಾರ ಬಂತೆಂದರೆ ಮಕ್ಕಳನ್ನು ಕಟ್ಟಿಕೊಂಡು ಬೀಳಗಿ ಕಡೆಗೋ ಮುಧೋಳದ ಕಡೆಗೋ ಹೊರಟುಬಿಡುತ್ತಿದ್ದಿರಿ. ಹುಕ್ಕು ಬಡಿಯುವ ಐತವಾರ ಬರಲೇ ಇಲ್ಲ.

ಆ ದಿನ ಬೆಳಗ್ಗೆ ನೀವು ಹಾಲಿನಲ್ಲಿ ರೊಟ್ಟಿ ಮುರಿದುಕೊಂಡು ತಿಂದು ಹೊರಟಿರಿ. ನೀವು ಮುಂದೆ, ನೀಲಾ ಹಿಂದೆ. ಸಾವಳಗಿ ರಸ್ತೆ. ಕಬ್ಬು ಕಡಿಯುವ ದಿನಗಳು, ದಟ್ಟವಾಗಿ ಮಂಜು ಬಿದ್ದಿತ್ತು. ಕಬ್ಬು ತುಂಬಿದ ಟ್ರೇಲರೊಂದು ರಸ್ತೆಯ ಮೇಲೆಯೇ ನಿಂತಿತ್ತಂತೆ, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ. ನೀಲಾ ಮೊಣಕೈ ತರಚಿಕೊಂಡು ಮನೆಗೆ ಬಂದಳು. ನೀವು... ಇದನ್ನೆಲ್ಲ ನಿಮಗೇ ನಾನು ಹೇಳಬೇಕೇ? ನುಜ್ಜುಗುಜ್ಜಾದ ನಿಮ್ಮ ಸೈಕಲ್ಲನ್ನು ಈರಣ್ಣ ಮನೆಗೆ ತರದೆ ನೇರ ಬನಹಟ್ಟಿಗೇ ಒಯ್ದ. ಎಲ್ಲಿಟ್ಟಿದ್ದಾನೆಂದು ನಾನು ಈವರೆಗೂ ಕೇಳಿಲ್ಲ.

ನಿಮ್ಮನ್ನು ಮಣ್ಣು ಮಾಡಿ ಬಂದ ಮೇಲೆ, ಮಾತಾಡಿಸಲು ಬಂದವರ ಕಣ್ಣೆಲ್ಲ ಉಳಿದ ನಾಲ್ಕು ಸೈಕಲ್‌ಗಳ ಮೇಲೆ. "ಮಾರಿಬಿಡವಾ, ನೋಡಿದಾಗೊಮ್ಮೆ ಸಂಕಟ ಆಗತೈತಿ" ಎಂದರು ಎದುರುಮನೆಯವರು. ಮಾರುವುದೇ? ನೀವು ಬನಿಯನ್ನಿನಲ್ಲಿ ಕೂತು ಎಣ್ಣೆ ಬಿಟ್ಟು ಒರೆಸಿದ ಚೈನುಗಳನ್ನು ಯಾರೋ ಒಯ್ದು ಗೊಬ್ಬರದ ಚೀಲ ಹೇರಲೆಂದು? ಮಾರಲು ಮನಸ್ಸಿಲ್ಲ. ಹಾಗೆಂದು ಅವು ಮತ್ತೆ ಆ ರಸ್ತೆಗಳಲ್ಲಿ ಓಡುವುದನ್ನು ನೋಡುವ ಎದೆಯೂ ನನಗಿರಲಿಲ್ಲ.

ಒಂದು ಸಂಜೆ ನೀಲಾ ಬಂದು ನನ್ನ ಬೆನ್ನ ಹಿಂದೆ ನಿಂತಳು. ನಾನು ರೊಟ್ಟಿ ಬಡಿಯುತ್ತಿದ್ದೆ. "ಅವ್ವಾ, ನಾಳಿಂದ ಪ್ರ್ಯಾಕ್ಟೀಸಿಗಿ ಹೋಗ್ಲೇನು?" ನನ್ನ ಬಾಯಿಯಿಂದ ಏನು ಬಂತು ಗೊತ್ತೇ? "ಹೋಗು. ಮೊದಲ ನನ್ನ ಮಣ್ಣ ಮಾಡಿ ಆಮ್ಯಾಲ ಹೋಗು" ಎಂದೆ. ರೊಟ್ಟಿ ಹಂಚಿನ ಮೇಲೇ ಸೀದುಹೋಯಿತು. ಮರುದಿನ ಈರಣ್ಣನಿಗೆ ಫೋನು ಮಾಡಿ, ಎಲ್ಲ ಸೈಕಲ್ಲನ್ನೂ ಛತ್ತಿಗೆ ತೂಗುಹಾಕಬೇಕು, ಸಾಮಾನು ತಗೊಂಡು ಬಾ ಎಂದೆ.

ಈರಣ್ಣ ತನ್ನ ಮಗ್ಗದ ಶೆಡ್ಡಿನಲ್ಲಿ ಬಿಚ್ಚಿಟ್ಟಿದ್ದ ಕಬ್ಬಿಣದ ಪೈಪು, ರಾಟೆಯಂಥ ಹಳೆಯ ಗಾಲಿ, ಹಗ್ಗ ಎಲ್ಲ ಆಟೋದಲ್ಲಿ ಹಾಕಿಕೊಂಡು ಬಂದ. ಛತ್ತಿನ ಕೆಳಗೆ ಈ ಗೋಡೆಯಿಂದ ಆ ಗೋಡೆಗೆ ಪೈಪು ಕೂರಿಸಿ, ಅದಕ್ಕೆ ಗಾಲಿ ಕಟ್ಟಿ, ಸೈಕಲ್ಲಿನ ಹ್ಯಾಂಡಲ್ಲಿಗೂ ಸೀಟಿಗೂ ಹಗ್ಗ ಬಿಗಿದು ಮೇಲಕ್ಕೆ ಎಳೆದೆವು. ಹಗ್ಗದ ತುದಿ ಕಟ್ಟುವ ಕೊಂಡಿಯನ್ನೂ ಸ್ಟೂಲು ಹತ್ತಿದರೆ ಮಾತ್ರ ಸಿಗುವಷ್ಟು ಮೇಲೆ ಬಡಿಸಿದೆ. ಈರಣ್ಣ ಮೇಲೆ ನೋಡಿ, ನನ್ನ ಮುಖ ನೋಡಿ, "ಅಕ್ಕಾ, ಇಷ್ಟ ಮ್ಯಾಲ ಹಾಕಿದ್ರ ಇಳಸೋದು ಹ್ಯಾಂಗ?" ಎಂದ. "ಇಳಸೋದು ಯಾರು?" ಎಂದೆ. ಅವನು ಹಗ್ಗದ ತುದಿಯನ್ನು ಕೊಂಡಿಗೆ ಸುತ್ತಿದ. ನೀಲಾ ಒಳಬಾಗಿಲಿಗೆ ಒರಗಿ ಎಲ್ಲ ನೋಡುತ್ತಿದ್ದಳು. ತನ್ನ ರೇಸಿನ ಸೈಕಲ್ಲು ಮೇಲೇರುವಾಗ ಮಾತ್ರ ಒಳಗೆ ಹೋದಳು.

ಅವಳ ಆ ಸೈಕಲ್ಲಿಗೇ ಹಗ್ಗ ಸಾಲದೆ ಬಂದದ್ದು. ನಾನೇ ಎರಡು ತುಂಡು ಸೇರಿಸಿ ಗಂಟು ಹಾಕಿದೆ. ನೇಕಾರರ ಮನೆಯಲ್ಲಿ ಹುಟ್ಟಿದವಳು ನಾನು, ಮಗ್ಗದಲ್ಲಿ ಎಳೆ ಕಡಿದರೆ ಗಂಟು ಹಾಕುವುದನ್ನು ಅಕ್ಷರಕ್ಕಿಂತ ಮೊದಲು ಕಲಿತವಳು. ಕಣ್ಣು ಮುಚ್ಚಿಯೂ ಹಾಕಬಲ್ಲೆ. ಆ ಗಂಟು ಬಿಚ್ಚಿದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಆದರೆ ಅದು ನೂಲಿನ ಗಂಟು. ಗಾಳಿಗೆ ಓಲಾಡುವ ಸೈಕಲ್ಲನ್ನು ಹಿಡಿದಿಡುವ ಗಂಟಲ್ಲ. ದಪ್ಪ ಹಗ್ಗದಲ್ಲಿ ದಿನಾ ಒಂಚೂರು ಒಂಚೂರು ಸಡಿಲುತ್ತ ಬಂತು. ನನಗೆ ಅದು ಹೇಗೆ ತಿಳಿಯಬೇಕು?

ಒಂದು ಶನಿವಾರ ಮಧ್ಯಾಹ್ನ, ನೀಲಾ ಶಾಲೆಯಿಂದ ಬಂದು ಊಟಕ್ಕೆ ಕೂತಿದ್ದಳು. ಪಡಸಾಲೆಯಲ್ಲಿ ಧಡಾರೆಂದು ಸದ್ದಾಯಿತು. ಕಬ್ಬಿಣ ನೆಲಕ್ಕೆ ಬಡಿದು, ಚಕ್ರವೊಂದು ಗರ್ರೆಂದು ತಿರುಗುತ್ತಲೇ ಇದ್ದ ಸದ್ದು. ನಾನು ಓಡಿದೆ. ನೀಲಾ ಓಡಿ ಬರಲಿಲ್ಲ. ತಿರುಗಿ ನೋಡಿದರೆ ತಾಟಿನ ಮುಂದೆ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಾಳೆ. ಅಯ್ಯೋ, ಆ ಸದ್ದನ್ನು ಅವಳು ಮೊದಲೇ ಕೇಳಿದ್ದಾಳಲ್ಲ! ನನಗೆ ಆಗ ಹೊಳೆಯಿತು ನೋಡಿ. ನೀವು ಹೋದ ದಿನದಿಂದ ಅವಳು ನನ್ನೆದುರು ಅತ್ತಿರಲಿಲ್ಲ. ಅವತ್ತು ಅತ್ತಳು. ನಾನು ಅಪ್ಪಿಕೊಂಡೆ. ಅವಳ ಎಂಜಲುಗೈ ನನ್ನ ಬೆನ್ನ ಮೇಲೆಯೇ ಒಣಗಿತು.

ಅತ್ತು ಮುಗಿದ ಮೇಲೆ ಎದ್ದು ಹೋಗಿ, ಬಿದ್ದಿದ್ದ ತನ್ನ ಸೈಕಲ್ಲಿನ ಮುಂದೆ ಕೂತಳು. ಮುಂದಿನ ಚಕ್ರ ಸೊಟ್ಟಗಾಗಿತ್ತು. ನಿಮ್ಮ ಡಬ್ಬಿಯಿಂದ ಸ್ಪೋಕಿನ ಚಾವಿ ತಂದಳು. "ಅವ್ವಾ, ಹಿಂಗ ಹಿಡಿ" ಎಂದಳು, ಹಿಡಿದೆ. ಒಂದೊಂದೇ ತಂತಿ ಬಿಗಿಯುತ್ತ, ಚಕ್ರ ತಿರುಗಿಸಿ ನೋಡುತ್ತ, ನನ್ನ ಮುಖ ನೋಡದೆ ಹೇಳತೊಡಗಿದಳು.

"ಅಪ್ಪಾ ಮೊದಲ ನೋಡಿದಾ, ಅವ್ವಾ. ನೋಡಿದಾಂವ ಎರಡೂ ಕೈಲೆ ಬ್ರೇಕ್ ಹಿಡೀಲಿಲ್ಲ. ಒಂದ ಕೈ ಮ್ಯಾಲ ಎತ್ತಿದಾ. ನಿಲ್ಲು ಅಂತ, ನನಗ."

ಮುಂದಿರುವವರು ಕೈ ಎತ್ತಿ ಹಿಂದಿನವರಿಗೆ ಹೇಳಬೇಕು. ಮಕ್ಕಳಿಗೆ ನೀವು ಕಲಿಸುತ್ತಿದ್ದುದು ಅದನ್ನೇ ತಾನೇ? ನಾನು ಚಕ್ರ ಹಿಡಿದುಕೊಂಡೇ ಕೂತಿದ್ದೆ.

"ಎರಡೂ ಕೈಲೆ ಹಿಡಿದಿದ್ರ ಅಂವ ಉಳೀತಿದ್ದಾ ಏನೋ. ನಾ ಹೋಗಿ ಬಡೀತಿದ್ನಿ."

"ಇಷ್ಟ ದಿನ ಯಾಕ ಹೇಳಲಿಲ್ಲ?"

"ನೀ ಸಿಟ್ಟಾಗ್ತಿ ಅಂತ. ಅಪ್ಪನ ಮ್ಯಾಲ... ಇಲ್ಲಾ ನನ್ನ ಮ್ಯಾಲ."

ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಸಿಟ್ಟು ಬಂದದ್ದು ಖರೆ. ನಿಮ್ಮ ಮೇಲೆ. ಕೂಗಿದ್ದರೆ ಆಗುತ್ತಿರಲಿಲ್ಲವೇ? ಬಾಯಿ ಇರಲಿಲ್ಲವೇ ನಿಮಗೆ? ಮೈದಾನದ ಆ ತುದಿಗೆ ಕೇಳುವ ಹಾಗೆ ಕಿರುಚುತ್ತಿದ್ದ ಮನುಷ್ಯ ನೀವು! ಆಮೇಲೆ ಎದುರಿಗೆ ಕೂತ ಹುಡುಗಿಯನ್ನು ನೋಡಿದೆ. ಮೂಗಿನ ತುದಿಗೆ ಗ್ರೀಸು ಹತ್ತಿತ್ತು, ಥೇಟ್ ನಿಮ್ಮ ಹಾಗೆ ನಾಲಿಗೆ ಕಚ್ಚಿಕೊಂಡು ತಂತಿ ಬಿಗಿಯುತ್ತಿದ್ದಳು. ಇವಳೂ ಇರದಿದ್ದರೆ... ಅದಕ್ಕಿಂತ ಮುಂದೆ ಯೋಚನೆ ಹೋಗಲಿಲ್ಲ. ಕೈ ಎತ್ತಿದ್ದಕ್ಕೆ ನಿಮಗೆ ಏನು ಹೇಳಲಿ ನಾನು? ಒಳ್ಳೆಯದು ಮಾಡಿದಿರಿ ಎಂದರೆ ನಿಮ್ಮನ್ನು ಕಳೆದುಕೊಂಡಿದ್ದಕ್ಕೆ ಒಪ್ಪಿದ ಹಾಗಾಗುತ್ತದೆ. ಇಲ್ಲ ಎನ್ನಲು ಇವಳ ಮುಖ ಬಿಡುವುದಿಲ್ಲ.

"ಸೈಕಲ್ ಮ್ಯಾಲ ಇದ್ರ ಅಪ್ಪಾ ಮುಂದ ಹೊಂಟಾನ ಅನಸ್ತೈತಿ ಅವ್ವಾ" ಎಂದಳು. "ಮನ್ಯಾಗ ಕುಂತ್ರ ಬರೇ ಆ ಟ್ರೇಲರ್ ಕಾಣತೈತಿ." ನಾನು ಚಕ್ರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಚಕ್ರ ನೆಟ್ಟಗಾಗುವಷ್ಟರಲ್ಲಿ ಹೊತ್ತು ಇಳಿದಿತ್ತು.

ಮುಂದಿನ ಐತವಾರ ಈರಣ್ಣನನ್ನು ಮತ್ತೆ ಕರೆಸಿದೆ. "ಎಲ್ಲಾ ಬಿಚ್ಚು" ಎಂದೆ. "ಅಕ್ಕಾ, ನಿನ್ನ ತಲಿ ಛಲೋ ಐತಿಲ್ಲೋ?" ಎಂದ. ಹಗ್ಗ, ಗಾಲಿ, ಪೈಪು ಎಲ್ಲ ಇಳಿಸಿದೆವು. ಈ ಸಲ ಗೋಡೆಗೇ ಹುಕ್ಕು. ನೀಲಾಳನ್ನು ಗೋಡೆಯ ಪಕ್ಕ ನಿಲ್ಲಿಸಿ, ಸೈಕಲ್ಲಿನ ಮುಂದಿನ ಚಕ್ರ ಎತ್ತಲು ಹೇಳಿದೆ. ಯಾರ ಆಸರೆಯೂ ಇಲ್ಲದೆ ಅವಳ ಕೈ ಎಲ್ಲಿಯವರೆಗೆ ಹೋಯಿತೋ ಅಲ್ಲಿಗೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಅಲ್ಲೇ ಈರಣ್ಣ ಡ್ರಿಲ್ ಹೊಡೆದ. ಹ್ಯಾಂಡಲ್ಲಿಗೆ ಹ್ಯಾಂಡಲ್ಲು ತಾಗದಂತೆ ಒಂದು ಸೈಕಲ್ಲು ತಲೆ ಮೇಲಾಗಿ, ಪಕ್ಕದ್ದು ತಲೆ ಕೆಳಗಾಗಿ. ರಿಮ್ಮಿಗೆ ಗೀರು ಬೀಳದಂತೆ ಹಳೆಯ ಟ್ಯೂಬು ಕತ್ತರಿಸಿ ಹುಕ್ಕಿಗೆಲ್ಲ ಸುತ್ತಿದ್ದೇನೆ. ಟಾಯರಿನ ಕರಿ ಕಲೆ ಗೋಡೆಗೆ ಹತ್ತಬಾರದೆಂದು ಉದ್ದಕ್ಕೆ ಹಲಗೆಯನ್ನೂ ಹೊಡೆಸಿದ್ದೇನೆ. ನಿಮ್ಮ ಕರಿ ಸೈಕಲ್ಲಿನ ಭಾರಕ್ಕೆ ಮಾತ್ರ ದಪ್ಪ ಹುಕ್ಕು ಬೇಕಾಯಿತು. ನೋಡಿದ್ದರೆ ಒಂದಾದರೂ ತಪ್ಪು ಹುಡುಕುತ್ತಿದ್ದಿರಿ, ನನಗೆ ಗೊತ್ತು. ಕೆಲಸ ಮುಗಿದು ಎಲ್ಲರೂ ಚಹಾ ಕುಡಿಯುವಾಗ, "ಬೆಳಕ ಹರದ ಮ್ಯಾಲ ಹೋಗಬೇಕು. ಮುಧೋಳ ರಸ್ತೆಕ್ಕ ಅಷ್ಟ" ಎಂದೆ. ನೀಲಾ ಕಪ್ಪು ಕೆಳಗಿಟ್ಟಳು, ಹೂಂ ಎಂದಳು, ಮತ್ತೆ ಎತ್ತಿಕೊಂಡಳು.

ಇವತ್ತು ಬೆಳಗ್ಗೆ ಹೋದಳು. ಹಿಂದೆ ಕೆಂಪು ದೀಪ ಹಚ್ಚಿ, ಹೆಲ್ಮೆಟ್ಟಿನ ಪಟ್ಟಿಯನ್ನು ನಾನೇ ಬಿಗಿದು ಕಳಿಸಿದೆ. "ಅವ್ವಾ, ಕುತಗಿ ಹಿಸಕಬ್ಯಾಡ" ಎಂದು ಬೈಸಿಕೊಂಡೆ. ಅವಳು ಓಣಿಯ ತಿರುವು ದಾಟಿದ ಮೇಲೆ ನಾನು ಒಳಗೆ ಬಂದೆ, ಮತ್ತೆ ಹೊರಗೆ ಹೋದೆ. ಒಲೆ ಹಚ್ಚಿದೆ, ಆರಿಸಿದೆ. ಹಾಲಿನವನ ಗಾಡಿ ಸದ್ದಾದರೂ ಬಾಗಿಲಿಗೆ ಓಡಿದೆ. ಇಷ್ಟು ವರ್ಷ ನೀವು ಸೈಕಲ್ ಹತ್ತಿ ಹೋದ ಬೆಳಗುಗಳಲ್ಲಿ ನಾನು ಆರಾಮಾಗಿ ಮಲಗಿರುತ್ತಿದ್ದೆನಲ್ಲ, ಅದು ಹೇಗೆ ಸಾಧ್ಯವಾಗಿತ್ತು?

ಬಂದಳು. ಬೆವರಿ ಒದ್ದೆಯಾಗಿದ್ದಳು. ನನ್ನ ಕಡೆ ನೋಡದೆ ಸೈಕಲ್ಲನ್ನು ಎತ್ತಿ ಹುಕ್ಕಿಗೆ ಹಾಕಿದಳು. ಒಂದೇ ಸಲಕ್ಕೆ ಕೂತಿತು. "ಇಷ್ಟ ತಡಾ ಯಾಕಾತು?" ಎಂದು ನಾನು ಜೋರಾಗಿಯೇ ಕೇಳಿದೆ. ಹೆಲ್ಮೆಟ್ಟು ಬಿಚ್ಚುತ್ತ, "ಮುಧೋಳ ರಸ್ತೆಕ್ಕ ಹೋಗಲಿಲ್ಲ ಅವ್ವಾ" ಎಂದಳು. "ಸಾವಳಗಿ ರಸ್ತೆಕ್ಕ ಹೋಗಿದ್ನಿ. ಆ ಜಾಗಾ ದಾಟಿ ಹೋದ್ನಿ. ಬರಬೇಕಾದ್ರೂ ದಾಟಿ ಬಂದ್ನಿ. ಎಲ್ಲೂ ನಿಲ್ಲಲಿಲ್ಲ."

ಹೊಡೆಯಲು ಎತ್ತಿದ ಕೈ ಅವಳ ತಲೆಯ ಮೇಲೆ ಹೋಗಿ ಕೂತಿತು ರೀ. ಅವಳು ಸ್ನಾನಕ್ಕೆ ಹೋದಳು, ನಾನು ಇದನ್ನು ಬರೆಯಲು ಕೂತೆ. ಎಲ್ಲರಿಗಿಂತ ಮೊದಲು ನಿಮಗೆ ಹೇಳಬೇಕೆನ್ನಿಸಿತು. ಸಾವಳಗಿಯಲ್ಲಿ ನಿಮ್ಮ ಅಕ್ಕ ಮೊಮ್ಮಗನ ತೊಟ್ಟಿಲ ಶಾಸ್ತ್ರಕ್ಕೆ ಕರೆದಿದ್ದಾರೆ. ಅವರ ಬಸುರಿ ಸೊಸೆಯ ಕುಪ್ಪಸದ ಶಾಸ್ತ್ರಕ್ಕೆ ಕರೆದಾಗ ಮೈಯಲ್ಲಿ ಹುಷಾರಿಲ್ಲ ಎಂದು ನೆಪ ಹೇಳಿ ಉಳಿದೆ. ಆ ರಸ್ತೆಯ ಬಸ್ಸು ಹತ್ತಲು ಕಾಲು ಏಳಲಿಲ್ಲ, ನಿಜ ಅದು. ಈ ಸಲ ಬರುತ್ತೇನೆಂದು ಹೇಳಿ ಕಳಿಸುತ್ತೇನೆ. ನಿಮ್ಮ ಮಗಳು ದಾಟಿ ಬಂದಳು. ನಾನಿನ್ನೂ ದಾಟಿಲ್ಲ.

ನಿಮ್ಮ,
ನೀಲಾಳ ಅವ್ವ