ಕಿವಿ ಹರಿದ ಬಾವಲಿ

೧೨-೨-೧೯೬೯, ಬುಧವಾರ. ಅಂತರಸಂತೆ.

ಮೈಸೂರಿನಿಂದ ಬಂದಿದ್ದ ಆ ಲೆಕ್ಚರರ್ ಮುಖ ನೆನೆದರೆ ಈಗಲೂ ಹೇಸಿಗೆ. ಶಾಲೆಯಲ್ಲಿ ಇವತ್ತು ಆತನ ಭಾಷಣ. ದೊಡ್ಡ ಪ್ರಾಣಿಗೆ ಹೆಚ್ಚು ಆಯುಸ್ಸು, ಚಿಕ್ಕದಕ್ಕೆ ಕಡಿಮೆ. ಆನೆಗೆ ಅರವತ್ತು ವರ್ಷ, ಇಲಿಗೆ ಎರಡು ಎಂದ.

ಕಾಡಂಚಿನ ಹಾಡಿಯಿಂದ ಬಂದಿದ್ದ ಸಿದ್ದಿ ಎಂಬಾಕೆ ಎದ್ದು ನಿಂತಳು. ಪಾಳುಮಂಟಪದ ಬಾವಲಿ ಹಿಕ್ಕೆ ಗುಡಿಸಿ ಗೊಬ್ಬರಕ್ಕೆ ಕೊಡುವವಳು.

"ಇಲಿ ಗಾತ್ರದ ಬಾವ್ಲಿ ಒಂದದೆ ಸಾಮಿ. ನನ್ ಮಗ್ಳು ಬೆಳ್ಳಿ ಹುಟ್ಟಿದ ವರ್ಸ ಮುಳ್ಳಿಗೆ ಸಿಕ್ಕಿ ಅದರ ಕಿವಿ ಕಿತ್ತೋಯ್ತು, ನಾನೇ ಬುಡಿಸ್ದೆ. ಈಗ ಬೆಳ್ಳಿಗೇ ಮಗ ಅವ್ನೆ. ಅದಿನ್ನೂ ಅಲ್ಲೇ ನೇತಾಡ್ತದೆ ಕಣ್ರೀ."

"ಬಾವಲಿಗೆ ಜಾತಕ ಬರೆಸಿದ್ದೀಯೇನಮ್ಮ?" ಎಂದ ಆತ. ಎಲ್ಲರೂ ನಕ್ಕರು. ಸಂಜೆಯೊಳಗೆ ಊರಿಗೆಲ್ಲ ಅವಳು ಜಾತಕದ ಸಿದ್ದಿ.

ಬಸ್ಸಿಗೆ ಕಾಯುವಾಗ, ಬೀಳ್ಕೊಡಲು ಹೋಗಿದ್ದ ನನ್ನೊಬ್ಬನಿಗೇ ಹೇಳಿದ: ಅವಳು ಹೇಳಿದ್ದು ಸರಿ. ಇಲಿಯನ್ನು ಹಾವು, ಗೂಬೆ ಹೇಗೂ ತಿನ್ನುತ್ತವೆ. ಬೇಗ ಮರಿ ಹಾಕಿದ ಇಲಿಗಳ ವಂಶವೇ ಉಳಿಯಿತು. ಬಹುಕಾಲ ಬಾಳುವ ಮೈ ಅವಕ್ಕೆ ಬೇಕಾಗಲಿಲ್ಲ. ಬಾವಲಿ ಹಾರಿ ತಪ್ಪಿಸಿಕೊಂಡಿತು. ಅವುಗಳಲ್ಲಿ ಗಟ್ಟಿ ಮೈಯವು ವರ್ಷಾನುಗಟ್ಟಲೆ ಮರಿ ಹಾಕುತ್ತ ಹೋದವು. ಲಕ್ಷಾಂತರ ವರ್ಷ ಹೀಗೇ ನಡೆಯಿತಂತೆ.

"ಅಲ್ಲೇ ಹೇಳಬಹುದಿತ್ತಲ್ಲ ಸಾರ್?"

"ಅಷ್ಟು ಜನರ ಮುಂದೆ ಅವಳ ಕೈಲಿ ಪಾಠ ಹೇಳಿಸಿಕೊಳ್ಳೋದೇ?"

ಇಂಥವನಿಗೆ ಕೋಟೊಂದು ಕೇಡು.

ಅವನನ್ನು ಬಸ್ಸು ಹತ್ತಿಸಿ ಬರುವಾಗ ಸಿದ್ದಿ ಎದುರಾದಳು. ನಿಜ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಅವಳೇ ಮೊದಲು ಕೇಳಿದಳು:

"ನೀನೂ ನಗಾಡ್ದೆ ಅಲ್ವಾ ಅಣ್ಣ?"

ಬಸ್ಸಿಗೆ ಹೊತ್ತಾಯಿತು ಎಂದುಬಿಟ್ಟೆ. ಆಗಲೇ ಹೊರಟುಹೋದ ಬಸ್ಸು ಎಬ್ಬಿಸಿದ ಧೂಳು ಇನ್ನೂ ನನ್ನ ಮೈಮೇಲೇ ಇತ್ತು.