ಅತ್ತೆ ಹೊಸೆದ ಬತ್ತಿ

ಫೆಬ್ರವರಿ 11, ಮಂಗಳವಾರ. ರಾತ್ರಿ 9:30

ಇವತ್ತು ಫ್ಯಾಕ್ಟರಿಯಲ್ಲಿ ನಾನೂರ ಹದಿನಾಲ್ಕು ಪೀಸ್ ಚೆಕ್ ಮಾಡಿದೆ. ಆರು ರಿಜೆಕ್ಟ್. ಸೂಪರ್‌ವೈಸರ್ ಮುನಿಯಣ್ಣ ಎಂದಿನಂತೆ ಬಂದು, "ಮೇಡಂ, ಬರೀಲಿಲ್ಲ ಅಂದ್ರೆ ಚೆಕ್ಕೇ ಮಾಡಿಲ್ಲ ಅಂತ" ಎಂದು ರಾಗ ಎಳೆದು ಹೋದರು. ಎಂಟು ವರ್ಷದಿಂದ ಇದೊಂದೇ ಮಾತು. ಆ ಚಟವೇ ಮನೆಗೂ ಬಂದಿದೆ. ಟೂಲ್ ಕಂಪನಿಯವರು ಹೊಸ ವರ್ಷಕ್ಕೆ ಪುಕ್ಕಟೆ ಕೊಡುವ ಡೈರಿ ನನ್ನ ಬ್ಯಾಗಿನಲ್ಲೇ ಇರುತ್ತದೆ. ಯಾರೂ ಓದುವುದಿಲ್ಲ. ಓದುವಂಥದ್ದು ಏನೂ ಇರುವುದೂ ಇಲ್ಲ.

ಪೀಣ್ಯದಿಂದ ಮಾಕಳಿಗೆ ಬರಲು ಒಂದೂಕಾಲು ಗಂಟೆ. ಫ್ಲೈಓವರ್ ಮೇಲೆ ಲಾರಿ ಕೆಟ್ಟಿತ್ತು. ಮನೆಯಲ್ಲಿ ನಾದಿನಿ ವೇಣಿ ಅಳುತ್ತಿದ್ದಳು. ಮದುವೆಗೆ ಐದು ದಿನ, ಬ್ಲೌಸ್ ಟೈಟ್. ಗಂಡ ಅಂಬರೀಶ್ ತಂಗಿಯ ಮದುವೆಗೆಂದು ತಮ್ಮ ಎರಡು ಟೆಂಪೋದಲ್ಲಿ ಒಂದನ್ನು ಫ್ಯಾಕ್ಟರಿ ಡ್ಯೂಟಿಯಿಂದ ಬಿಡಿಸಿ, ತೊಳೆದು ನಿಲ್ಲಿಸಿದ್ದಾರೆ. ಅವರು ಇಷ್ಟು ಖುಷಿಯಾಗಿದ್ದದ್ದು ನೋಡಿ ಬಹಳ ದಿನವಾಗಿತ್ತು.

ಅತ್ತೆ ಟೀವಿ ಮುಂದೆ ಬತ್ತಿ ಹೊಸೆಯುತ್ತಿದ್ದರು. ಬುಡ ದಪ್ಪ, ತುದಿ ಸೂಜಿ. ನೂರು ಬತ್ತಿ ಹೊಸೆದರೂ ಒಂದಕ್ಕೊಂದು ಕೂದಲೆಳೆ ವ್ಯತ್ಯಾಸವಿಲ್ಲ. ನಮ್ಮ ಲೈನಿಗೆ ಇಂಥ ಆಪರೇಟರ್ ಬೇಕು.

ಫೆಬ್ರವರಿ 13, ಗುರುವಾರ

ಮನೆಯಲ್ಲಿ ಅರಿಶಿನ. ಅತ್ತೆ ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದರು. ಮಾವ ಹೋಗಿ ನಾಲ್ಕು ವರ್ಷ. ಅದಕ್ಕೂ ಮುಂಚೆ ಈ ಬೀದಿಯ ಯಾವ ಮದುವೆಯಾದರೂ ಸೋಬಾನೆ ಎತ್ತಿಕೊಡುತ್ತಿದ್ದವರು ನಮ್ಮತ್ತೆ ರಾಮಮ್ಮನೇ. ಈಗ ಹೆತ್ತ ಮಗಳಿಗೆ ಅರಿಶಿನ ಹಚ್ಚುವಂತಿಲ್ಲ. "ಅಮ್ಮಾ, ನೀನೂ ಬಾ" ಎಂದು ವೇಣಿ ಕರೆದಳು. ಚಿಕ್ಕತ್ತೆ — ಮಾವನ ತಮ್ಮನ ಹೆಂಡತಿ — "ಸುಮ್ಕಿರವ್ವ, ಶಾಸ್ತ್ರ ಅಂದ್ಮೇಲೆ ಶಾಸ್ತ್ರ" ಎಂದು ಗದರಿದರು. ಮೈ ಉರಿಯಿತು. ಬಾಯಿ ಬಿಡಲಿಲ್ಲ. ಬಾಯಿ ಬಿಡದಿರುವುದರಲ್ಲಿ ನಾನು ಎಕ್ಸ್‌ಪರ್ಟ್.

ನನ್ನ ಪಾಲಿಗೊಂದು ಕೆಲಸ ಬಿತ್ತು. ಈ ಮನೆತನದ ಪದ್ಧತಿಯಂತೆ, ಛತ್ರದಲ್ಲಿ ಕಳಶದ ಮುಂದೆ ಸಂಜೆ ಹಚ್ಚಿದ ದೀಪ ಮಾರನೇ ದಿನ ಧಾರೆ ಮುಗಿಯುವವರೆಗೆ ಆರಬಾರದು. ರಾತ್ರಿಯಿಡೀ ಮನೆಯ ಮುತ್ತೈದೆಯೊಬ್ಬಳು ಕಾಯಬೇಕು. ಸೊಸೆ ಇರುವಾಗ ಬೇರೆ ಯಾರು? "ಕಣ್ ಮುಚ್ಚೀಯ ಮಂಜು, ಉಷಾರು" ಎಂದರು ಚಿಕ್ಕತ್ತೆ. ನೈಟ್ ಶಿಫ್ಟ್ ಮಾಡಿದವಳಿಗೆ ಇದೇನು ಮಹಾ.

ಫೆಬ್ರವರಿ 15, ಶನಿವಾರ. ರಾತ್ರಿ 11:20. ಛತ್ರ

ದೀಪದ ಪಕ್ಕ ಚಾಪೆ ಹಾಕಿಕೊಂಡು ಕೂತಿದ್ದೇನೆ. ಸಂಗಮೇಶ್ ಬಂದಿದ್ದಾನೆ.

ರಿಸೆಪ್ಷನ್ ಸಾಲಿನಲ್ಲಿದ್ದ. ಮದುವೆ ಗಂಡೇ ಅವನನ್ನು ಅಂಬರೀಶ್‌ಗೆ ಪರಿಚಯ ಮಾಡಿಕೊಟ್ಟ — ನಮ್ ಶಿಫ್ಟ್ ಇನ್‌ಚಾರ್ಜ್, ದಾಬಸ್‌ಪೇಟೆ ಪ್ಲಾಂಟು. ಅಂಬರೀಶ್ ಅವನ ಎರಡೂ ಕೈ ಹಿಡಿದು, "ಊಟ ಮಾಡ್ದೆ ಹೋಗ್ಬಾರ್ದು ಸಾರ್, ಇಲ್ಲೇ ಮಲ್ಕೊಳ್ಳಿ, ಬೆಳಗ್ಗೆ ಮುಹೂರ್ತ ನೋಡ್ಕೊಂಡೇ ಹೋಗಿ" ಎಂದರು. ತಾಂಬೂಲದ ಚೀಲ ಕೊಡುವವಳು ನಾನು. ಕೊಟ್ಟೆ. "ಥ್ಯಾಂಕ್ಸ್ ಮೇಡಂ" ಎಂದ. ಮೇಡಂ!

ಆರು ವರ್ಷದ ಹಿಂದೆ ನಮ್ಮ ಫ್ಯಾಕ್ಟರಿಯ ಮೂರನೇ ಮಷೀನ್ ಅವನದು. ಕೊಪ್ಪಳದ ಕಡೆಯವನು. ಅವನ ಪೀಸ್ ನಾನು ರಿಜೆಕ್ಟ್ ಮಾಡಿದ್ದು, ಅವನು ಜಗಳಕ್ಕೆ ಬಂದದ್ದು — ಶುರುವಾದದ್ದು ಹಾಗೆ. ರಿಜಿಸ್ಟರ್ ಮದುವೆಗೆ ಅರ್ಜಿ ಹಾಕಿದೆವು. ನಮ್ಮಿಬ್ಬರ ಫೋಟೋ ಸಮೇತ ನೋಟಿಸು ಮೂವತ್ತು ದಿನ ಸಬ್‌ರಿಜಿಸ್ಟ್ರಾರ್ ಆಫೀಸಿನ ಬೋರ್ಡಿನ ಮೇಲೆ. ಇಪ್ಪತ್ತೊಂದನೇ ದಿನ ಚಿಕ್ಕಬಾಣಾವರದ ನಮ್ಮವರೊಬ್ಬರು ಸೈಟಿನ ಕೆಲಸಕ್ಕೆ ಹೋಗಿ ನೋಡಿದರು. ಇಪ್ಪತ್ತಮೂರನೇ ದಿನ ಆಫೀಸಿಗೆ ಪತ್ರ ಹೋಯಿತು. "ನನಗೆ ಈ ಮದುವೆ ಇಷ್ಟವಿಲ್ಲ" ಎಂದು. ಕೆಳಗೆ ನನ್ನ ಸಹಿ. ಆಮೇಲೆ ಅವನ ಫೋನ್ ಎತ್ತಲಿಲ್ಲ. ನಾಲ್ಕು ತಿಂಗಳಿಗೆ ಅಂಬರೀಶ್ ಜೊತೆ ಮದುವೆ. ಅವರಿಗೆ ಇದು ಯಾವುದೂ ಗೊತ್ತಿಲ್ಲ.

ಈಗ ಮೆಸೇಜು ಬಂತು. ಹೆಸರು ಅಳಿಸಿದ್ದೆ, ನಂಬರ್ ಮರೆತಿಲ್ಲ. "ಹಿಂದ ಜನರೇಟರ್ ಹತ್ರ ಅದೀನಿ. ಒಂದ ಮಾತ ಕೇಳೂದೈತಿ. ಬರದಿದ್ರೂ ನಡೀತೈತಿ."

ಹೋಗಬಾರದು. ಬರೆದಿಡುತ್ತೇನೆ: ಹೋಗಬಾರದು.

ಫೆಬ್ರವರಿ 16, ಭಾನುವಾರ. ಬೆಳಗಿನ ಜಾವ 3:10

ಹೋದೆ.

ಒಂದೂಕಾಲಿಗೆ ಎದ್ದೆ. ಹಾಲ್ ತುಂಬ ಗೊರಕೆ. ಅಂಬರೀಶ್ ಮೇಲಿನ ರೂಮಿನಲ್ಲಿ. ದೀಪದಲ್ಲಿ ಎಣ್ಣೆ ಅರ್ಧಕ್ಕಿತ್ತು. ಐದು ನಿಮಿಷದ ಮಾತು, ಬಂದು ಹಾಕಿದರಾಯಿತು ಅಂದುಕೊಂಡೆ.

ಅಡುಗೆಯವರು ಬೋರಲು ಹಾಕಿದ್ದ ಕೊಪ್ಪರಿಗೆಗಳ ಪಕ್ಕ ಮೆಟ್ಟಿಲ ಮೇಲೆ ಕೂತಿದ್ದ. ದಪ್ಪಗಾಗಿದ್ದಾನೆ. ಹಣೆ ದೊಡ್ಡದಾಗಿದೆ. ಹೇಗಿದ್ದೀ ಎಂದೂ ಕೇಳಲಿಲ್ಲ.

"ಆ ಪತ್ರ ನೀನ ಬರದಿದ್ದೇನು? ಇಲ್ಲಾ ನಿಮ್ಮಪ್ಪ ಬರಿಸಿದ್ದೇನು? ಆರು ವರ್ಷ ಆತು, ಇದೊಂದ ಕೇಳಬೇಕಂತಿದ್ದೆ."

ಅಪ್ಪ ಹೊಡೆದು ಬರೆಸಿದರು ಅನ್ನಬಹುದಿತ್ತು. ನಂಬುತ್ತಿದ್ದ.

"ನಾನೇ ಬರೆದೆ. ಅಪ್ಪ ಬೈದ್ರು, ಅತ್ರು, ಅಷ್ಟೇ. ಪತ್ರ ಬರಿ ಅಂತ ಯಾರೂ ಹೇಳ್ಲಿಲ್ಲ. ಭಯ ಆಯ್ತು. ಬರೆದ್ಬಿಟ್ಟೆ."

ಪಕ್ಕದ ಕೊಪ್ಪರಿಗೆಯ ಮಸಿಯನ್ನು ಬೆರಳಲ್ಲಿ ಕೆರೆದ. ಆಮೇಲೆ, "ಇಷ್ಟ ದಿನ ನಿಮ್ಮಪ್ಪಗ ಬೈದೀನಲ್ಲ ನಾ, ಪಾಪ" ಎಂದ. ಇಬ್ಬರಿಗೂ ನಗು ಬಂತು. ನಗುತ್ತ ನಗುತ್ತ ನನಗೆ ಅಳು ಬಂತು. ಕೈ ಹಿಡಿದುಕೊಂಡ. ಬಿಡಿಸಿಕೊಳ್ಳಲಿಲ್ಲ. ಭುಜಕ್ಕೆ ತಲೆ ಇಟ್ಟೆ. ಅವನು ಎಳೆದುಕೊಳ್ಳಲಿಲ್ಲ, ನಾನಾಗಿಯೇ ಇಟ್ಟೆ. ಹಳೆಯ ಮಷೀನುಗಳ ಮಾತು, ಕ್ಯಾಂಟೀನಿನ ಮಾತು, ಅವನ ಮಗಳ ಮಾತು. ಎಷ್ಟು ಹೊತ್ತಾಯಿತು ಗೊತ್ತಾಗಲಿಲ್ಲ. ಸಂತೋಷವಾಗಿದ್ದೆ. ಸುಳ್ಳೇಕೆ ಬರೆಯಲಿ.

"ನನ್ನ ಹೇಣ್ತಿ ಮಹಾದೇವಿಗೆ ಎಲ್ಲಾ ಹೇಳೇನಿ, ಮದುವಿಗೆ ಮೊದಲ. ನಿಮ್ಮ ಮನಿಯವ್ರಿಗೆ ಹೇಳಿಯೇನು?"

ಇಲ್ಲ ಎಂದು ತಲೆಯಾಡಿಸಿದೆ.

"ಭಾಳ ಚೊಲೋ ಮನಷ್ಯಾ ಅದಾನ. ಹೇಳಬೇಕಿತ್ತು" ಎಂದು ಎದ್ದ. ಬೆಳಗಿನವರೆಗೂ ನಿಲ್ಲಲಿಲ್ಲ. ಬೈಕ್ ಸದ್ದು ತುಮಕೂರು ರಸ್ತೆ ಸೇರುವವರೆಗೆ ಅಲ್ಲೇ ಕೂತಿದ್ದೆ.

ವಾಪಸ್ ಬಂದಾಗ ಎರಡು ಗಂಟೆ. ದೀಪ ಉರಿಯುತ್ತಿತ್ತು. ಸದ್ಯ ಬದುಕಿದೆ ಎಂದು ಕೂತೆ. ಆಮೇಲೆ ಕಣ್ಣಿಗೆ ಬಿತ್ತು. ಅರ್ಧವಿದ್ದ ಎಣ್ಣೆ ಅಂಚಿನವರೆಗೆ ತುಂಬಿದೆ. ಸಂಜೆ ಹಾಕಿದ್ದು ಅಂಗಡಿ ಪ್ಯಾಕೆಟ್ಟಿನ ಬತ್ತಿ, ಉದ್ದಕ್ಕೂ ಒಂದೇ ಸಮ. ಈಗ ಉರಿಯುತ್ತಿರುವುದು ಬುಡ ದಪ್ಪ, ತುದಿ ಸೂಜಿ.

ಹಳೆಯ ಬತ್ತಿ ಬಾಳೆಲೆ ಚೂರಿನ ಮೇಲೆ ಬಿದ್ದಿತ್ತು. ಎಣ್ಣೆಯೊಳಗೆ ಜಾರಿ ಆರಿರಬೇಕು. ದಿನಕ್ಕೆ ನಾನೂರು ಪೀಸ್ ನೋಡುವ ಕಣ್ಣು ಇದು, ತಪ್ಪುವುದಿಲ್ಲ. ಅತ್ತೆ ಎದ್ದು ಬಂದಿದ್ದಾರೆ. ಖಾಲಿ ಚಾಪೆ ನೋಡಿದ್ದಾರೆ. ಮುಟ್ಟಬಾರದೆಂದು ಎಲ್ಲರೂ ಹೇಳಿದ ಕೈಯಿಂದಲೇ ಹಚ್ಚಿ ಹೋಗಿದ್ದಾರೆ.

ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ಆ ಉಸಿರು ನಿದ್ದೆಯವರದ್ದಲ್ಲ. ಆರಿದ ಬತ್ತಿಯನ್ನು ಈ ಪುಟದ ನಡುವೆ ಇಟ್ಟಿದ್ದೇನೆ. ಎಲ್ಲಿ ಬಿಸಾಡಬೇಕೋ ತೋಚಲಿಲ್ಲ.

ಫೆಬ್ರವರಿ 20, ಗುರುವಾರ

ನಾಲ್ಕು ದಿನ. ಅತ್ತೆ ಏನೂ ಕೇಳಿಲ್ಲ. ಟಿಫಿನ್ ಬಾಕ್ಸಿಗೆ ಎಂದಿನಂತೆ ಮುದ್ದೆ ಕಟ್ಟಿ ಕೊಡುತ್ತಾರೆ. ಬೈದರೆ ವಾಸಿಯಿತ್ತು.

ಬೆಳಗ್ಗೆ ಹಿತ್ತಲಲ್ಲಿ ನಾನೇ ಬಾಯಿ ಬಿಟ್ಟೆ. "ಅತ್ತೆ, ಆವತ್ತು ರಾತ್ರಿ…"

"ಏನೂ ಯೋಳ್ಬೇಡ ಕಣವ್ವ" ಎಂದರು, ಬಟ್ಟೆ ಹಿಂಡುತ್ತಲೇ. "ನೀನು ಯೋಳುದ್ರೆ ನಂಗೂ ಗೊತ್ತಾದಂಗಾಯ್ತದೆ. ಆಮೇಲೆ ನನ್ ಮಗನ್ ಮುಖ ಎಂಗ್ ನೋಡ್ಲಿ?"

ಮಾರ್ಚ್ 9, ಭಾನುವಾರ

ವೇಣಿ ಬಿದ್ದಿದ್ದಾಳೆ. ಗಂಡನ ಜೊತೆ ಸ್ಕೂಟರಿನಲ್ಲಿ ಬರುತ್ತಿದ್ದಾಗ ನೆಲಮಂಗಲದ ಹತ್ತಿರ ಮಣ್ಣಿನ ಮೇಲೆ ಜಾರಿತಂತೆ. ಅವನಿಗೆ ತರಚು ಗಾಯ. ಇವಳಿಗೆ ಕಾಲು ಮುರಿದಿದೆ, ರಾಡ್ ಹಾಕಿದ್ದಾರೆ. ಮದುವೆಯಾಗಿ ಇಪ್ಪತ್ತೊಂದು ದಿನ. ಆಸ್ಪತ್ರೆಯ ಕಾರಿಡಾರಿನಲ್ಲಿ ಬೀಗಿತ್ತಿ ಚಿಕ್ಕತ್ತೆಯನ್ನು ಪಕ್ಕಕ್ಕೆ ಕರೆದು ಏನೋ ಕೇಳುತ್ತಿದ್ದರು. ಚಿಕ್ಕತ್ತೆ ನಮ್ಮ ಕಡೆ ನೋಡಿದರು.

ಮಾರ್ಚ್ 16, ಭಾನುವಾರ. ಸಂಜೆ

ಎಲ್ಲರನ್ನೂ ಬರೆದಿಡುತ್ತೇನೆ. ನಮ್ಮ ಹಾಲಿನಲ್ಲಿ ಬೀಗರು ಗಂಡ ಹೆಂಡತಿ, ಚಿಕ್ಕತ್ತೆ, ಅಂಬರೀಶ್, ಬಾಗಿಲ ಹತ್ತಿರ ನಾನು. ಅತ್ತೆ ನೆಲದ ಮೇಲೆ.

ಚಿಕ್ಕತ್ತೆ ಶುರು ಮಾಡಿದರು. "ನಾನು ಬಾತ್‌ರೂಮಿಗೆ ಅಂತ ಎದ್ದಿದ್ದೆ. ಒಂದೂವರೆ ಆಗಿತ್ತು. ದೀಪ ಆರಿ ಒಗೆ ಬರ್ತಿತ್ತು. ಅದರ್ ಮೇಲೆ ಬಗ್ಗಿದ್ದೋಳು ಇವಳು, ರಾಮಿ. ಇವಳೇ ಕೈ ಆಕಿ ಆರ್ಸವ್ಳೆ. ಶುಭಕಾರ್ಯ ಕೆಡ್ಸವ್ಳೆ."

"ಮಂಜು ಇದ್ಲಲ್ಲ ಅಲ್ಲಿ?" ಎಂದರು ಅಂಬರೀಶ್.

"ಎಲ್ಲಿದ್ಲು? ಚಾಪೆ ಖಾಲಿ!"

ಎಲ್ಲರೂ ನನ್ನ ಕಡೆ ತಿರುಗುವ ಮೊದಲೇ ಅತ್ತೆ ಮಾತಾಡಿದರು.

"ನಾನೇ ಕಳ್ಸ್ದೆ. ಮೇಲೋಗಿ ಮಲಗವ್ವ, ನಾನು ಕೂತ್ಕೊತೀನಿ ಅಂದೆ. ಮಗಳ ಮದ್ವೆ, ನಾನೂ ಒಂದ್ ಗಳಿಗೆ ದೀಪ ಕಾಯಾನ ಅಂತ ಆಸೆ ಆಯ್ತು. ತಪ್ಪಾಯ್ತು."

ಬೀಗಿತ್ತಿ ಎದ್ದು ನಿಂತರು. ರಾಮಮ್ಮ ಇನ್ನು ಅವರ ಹೊಸಿಲು ತುಳಿಯಬಾರದು. ವೇಣಿಯ ಕಾಲು ಕೂಡುವವರೆಗೆ ಮುಖ ತೋರಿಸಬಾರದು. ಕೈಯಡುಗೆ ಕಳಿಸಬಾರದು. ಅಂಬರೀಶ್ ಕೂಗಾಡಿದರು, ಇದೆಲ್ಲ ಯಾವ ಕಾಲದ ಮಾತು ಎಂದರು. ಅತ್ತೆ ಮಗನನ್ನೇ ಸುಮ್ಮನಾಗಿಸಿದರು. "ಬ್ಯಾಡ ಕಣಪ್ಪ, ಮಗೀಗೆ ಅಲ್ಲಿ ತೊಂದ್ರೆ ಆಯ್ತದೆ."

ನಿದ್ದೆ ಬಂತು, ದೀಪ ತಾನಾಗಿ ಆರಿತು ಎಂದು ನಾನು ಹೇಳುವಂತಿಲ್ಲ. ಖಾಲಿ ಚಾಪೆ ನೋಡಿದವರಿದ್ದಾರೆ. ಅತ್ತೆ ಕಳಿಸಲಿಲ್ಲ ಎಂದರೆ ಮುಂದಿನ ಪ್ರಶ್ನೆ ಒಂದೇ.

ಇನ್ನೊಂದನ್ನೂ ಬರೆಯಬೇಕು. ಮೇಲೋಗಿ ಮಲಗು ಎಂದೆ ಅಂತ ಅತ್ತೆ ಅಂದಾಗ ಅಂಬರೀಶ್ ನನ್ನನ್ನು ನೋಡಿದರು. ಮೇಲಿನ ರೂಮಿನಲ್ಲಿ ಇದ್ದವರು ಅವರೇ. ನಾನು ಅಲ್ಲಿಗೆ ಹೋಗಿರಲಿಲ್ಲ.

ಮಾರ್ಚ್ 22, ಶನಿವಾರ

ಅಂಬರೀಶ್ ಕೇಳಿಲ್ಲ. ಆರು ದಿನವಾಯಿತು. ಟೀ ಕೊಟ್ಟರೆ "ಅಲ್ಲಿಡು" ಎನ್ನುತ್ತಾರೆ. ಅಷ್ಟೇ. ರಾತ್ರಿ ಸೀಲಿಂಗ್ ನೋಡಿಕೊಂಡು ಮಲಗುತ್ತಾರೆ, ನಾನೂ ಅದೇ ಸೀಲಿಂಗ್ ನೋಡುತ್ತೇನೆ. ಸಂಗಮೇಶನ ಫೋನ್ ಬಂದಿಲ್ಲ. ಬರುವುದೂ ಬೇಡ, ಅವನಿಗೆ ಬೇಕಿದ್ದ ಉತ್ತರ ಸಿಕ್ಕಿದೆ.

ವೇಣಿ ದಿನಾ ವಿಡಿಯೋ ಕಾಲ್ ಮಾಡಿ ಅಮ್ಮನನ್ನು ಕೇಳುತ್ತಾಳೆ. ಅತ್ತೆ ಫೋನಿನ ಮುಂದೆಯೂ ಬರುವುದಿಲ್ಲ. ಮುಖ ತೋರಿಸಬಾರದು ಎಂದಿದ್ದಾರಲ್ಲ. ಗೋಡೆಯ ಈ ಕಡೆ ಕೂತು ಮಗಳ ದನಿ ಕೇಳಿಸಿಕೊಳ್ಳುತ್ತಾರೆ. ಇವತ್ತು ಬತ್ತಿ ಹೊಸೆಯುವುದನ್ನು ನಿಲ್ಲಿಸಿಬಿಟ್ಟಿದ್ದಾರೆ ಎಂದು ಗಮನಿಸಿದೆ. ಹತ್ತಿಯ ಡಬ್ಬ ಮಂಚದ ಕೆಳಗೆ ಹೋಗಿದೆ.

ಲೈನಿನಲ್ಲಿ ಮೂರು ಕೆಟ್ಟ ಪೀಸ್ ಪಾಸ್ ಮಾಡಿದೆ. ಎಂಟು ವರ್ಷದಲ್ಲಿ ಮೊದಲ ಸಲ. ಮುನಿಯಣ್ಣ ಬೈಯಲಿಲ್ಲ, "ಉಷಾರಿಲ್ವಾ ಮೇಡಂ?" ಎಂದರು. ಟಾಯ್ಲೆಟ್ಟಿಗೆ ಹೋಗಿ ಅತ್ತುಬಿಟ್ಟೆ.

ಆರು ವರ್ಷದ ಹಿಂದೆಯೂ ಪತ್ರ ಬರೆದು ಸುಮ್ಮನೆ ಕೂತೆ. ಅಪ್ಪ ಇವತ್ತಿಗೂ ಸಂಗಮೇಶನ ಕಡೆಯವರ ಕಣ್ಣಿಗೆ ಕೆಟ್ಟವರು. ಈಗ ಅತ್ತೆ. ನನ್ನ ಭಯಕ್ಕೆ ಯಾವಾಗಲೂ ಬೇರೆಯವರೇ ಬೈಸಿಕೊಳ್ಳಬೇಕು. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮಾರ್ಚ್ 29, ಶನಿವಾರ. ರಾತ್ರಿ 8:40

ನಾಳೆ ಯುಗಾದಿ. ವೇಣಿಯ ಮೊದಲ ಹಬ್ಬ, ತವರಿಗೆ ಬರಬೇಕಿತ್ತು. ಕಾಲು ಬ್ಯಾಂಡೇಜಿನಲ್ಲಿದೆ. ಒಬ್ಬಟ್ಟಾದರೂ ಹೋಗಲಿ ಎಂದು ಅತ್ತೆ ಬೇಳೆ ಬೇಯಿಸಿದರು. ಹೂರಣ ರುಬ್ಬಲು ಬಂದಾಗ ಒಲೆಯಿಂದ ಎರಡು ಹೆಜ್ಜೆ ಹಿಂದೆ ಸರಿದು, ಸೆರಗಿಗೆ ಕೈ ಒರೆಸಿಕೊಂಡರು.

"ಇಲ್ಲಿಂದ ನೀನೇ ಮಾಡವ್ವ. ನಾನ್ ಮುಟ್ಟಲ್ಲ. ನಿನ್ ಕೈದು ಅಂದ್ರೆ ಅವರು ಇಸ್ಕೊಂತಾರೆ. ಮಗು ತಿನ್ಲಿ."

ನನ್ನ ಕೈದು!

ಎರಡು ಉಂಡೆ ಕಟ್ಟಿದೆ. ಮೂರನೆಯದು ಆಗಲಿಲ್ಲ. ಕೈ ತೊಳೆದು ಬಂದು ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಅಂಬರೀಶ್‌ಗೆ ಹೇಳಬೇಕು. ದೀಪ ಆರಿದ್ದು ನಾನು ಎದ್ದು ಹೋದದ್ದಕ್ಕೆ. ಹೋದದ್ದು ಅವನ ಹತ್ತಿರ. ಪತ್ರದಿಂದ ಶುರು ಮಾಡಬೇಕೋ, ನೋಟಿಸಿನಿಂದಲೋ. ಹೇಳಿದ ಮೇಲೆ ಈ ಮನೆಯಲ್ಲಿ ನನಗೆ ಜಾಗ ಇರುತ್ತದೋ ಇಲ್ಲವೋ ಗೊತ್ತಿಲ್ಲ. ತುಂಬ ಭಯವಾಗುತ್ತಿದೆ. ಅವರನ್ನು ಕಳೆದುಕೊಳ್ಳಲು ನನಗೆ ಇಷ್ಟವಿಲ್ಲ — ಇದನ್ನು ಬರೆಯಲು ಆರು ವರ್ಷ ಬೇಕಾಯಿತು.

8:55

ಟೆಂಪೋ ಸದ್ದು. ಗೇಟು. ಅತ್ತೆ ಅಂಗಳಕ್ಕೆ ಹೋಗಿ ಹೇಳುತ್ತಿದ್ದಾರೆ — "ಮಂಜುಗೆ ತಲೆನೋವು ಕಣಪ್ಪ, ಮಲಗವ್ಳೆ. ಎಬ್ಬಿಸ್ಬ್ಯಾಡ."

ಇನ್ನೊಮ್ಮೆ ಮಲಗಿಸಿದರು ನನ್ನನ್ನು.

ಅಂಬರೀಶ್ ಕೈಕಾಲು ತೊಳೆದ ಸದ್ದು. ಈಗ ಬಾಗಿಲಾಚೆ ನಿಂತಿದ್ದಾರೆ. ಬಡಿಯುತ್ತಿಲ್ಲ. ಮೆಲ್ಲಗೆ ಕೇಳಿದರು, "ಮಂಜು, ಆವತ್ತು ನೀನು ಮೇಲಕ್ಕೆ ಬರ್ಲಿಲ್ಲ ಅಲ್ವಾ?"

ಹೌದು ರೀ, ಬರ್ಲಿಲ್ಲ ಎಂದೆ. ಗಟ್ಟಿಯಾಗಿಯೇ ಎಂದೆ. ಅತ್ತೆಗೂ ಕೇಳಿಸಿರಬೇಕು, ಅಡುಗೆಮನೆಯಲ್ಲಿ ಪಾತ್ರೆ ಬಿತ್ತು.

ಬಾಯಲ್ಲಿ ಹೇಳಿದರೆ ಅರ್ಧಕ್ಕೆ ನಿಲ್ಲಿಸಿಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಡೈರಿ ಕೊಡುತ್ತೇನೆ. ಹುಡುಕುವುದೇ ಬೇಡ, ಬತ್ತಿ ಇಟ್ಟ ಪುಟಕ್ಕೆ ಎಣ್ಣೆ ಇಳಿದು ತಾನಾಗಿ ತೆರೆದುಕೊಳ್ಳುತ್ತದೆ. ಚಿಲಕ ತೆಗೆಯುತ್ತೇನೆ.