ಎದುರು ಕೂತು ಹೇಳುವ ಪಾಠ

ಮಾರ್ಚ್ 4, ಬೆಳಿಗ್ಗೆ

ಅಪ್ಪನಿಗೆ ಹಾಲಲ್ಲಿ ನೆನೆಸಿದ ಬ್ರೆಡ್ ತಿನ್ನಿಸಿದೆ. ಬಲಗಡೆಯಿಂದ ಸೋರಿತು. ಒರೆಸಿದೆ. ಮಾತಿನ ಡಾಕ್ಟರ್ ಬಂದಳು — ಹಾಗಂತ ನಾನಿಟ್ಟ ಹೆಸರು. ಲಕ್ವ ಹೊಡೆದವರಿಗೆ ಮಾತು ಕಲಿಸೋ ಹುಡುಗಿ. ಚಿತ್ರದ ಕಾರ್ಡು ಹಿಡಿದಳು. ಲೋಟ. ಬಾಚಣಿಗೆ. ಬೀಗ. ಎಲ್ಲದಕ್ಕೂ ಅಪ್ಪ "ಅದು… ಅದು…" ಅಂದರು.

ಋಗ್ವೇದದ ಹತ್ತೂ ಮಂಡಲ ನಾಲಿಗೆ ತುದಿಯಲ್ಲಿದ್ದ ಮನುಷ್ಯ. ಬೀಗ ಅನ್ನೋಕಾಗಲ್ಲ.

ಅಳು ಬರಬೇಕಿತ್ತೇನೋ. ಬಸ್ಸಿಗೆ ಹೊತ್ತಾಗಿತ್ತು. ಅಪ್ಪನನ್ನ ಹಗಲು ನೋಡಿಕೊಳ್ಳೋ ನರ್ಸಮ್ಮನ ಕೈಗೊಪ್ಪಿಸಿ ಕನ್ನಡಕದ ಅಂಗಡಿ ಕೆಲಸಕ್ಕೆ ಹೋದೆ. ಸಂಜೆವರೆಗೂ ಲೆನ್ಸ್ ಉಜ್ಜಿದೆ.

ಮಾರ್ಚ್ 9

ಸ್ನಾನ ಮಾಡಿಸ್ತಿದ್ದೆ. ತಲೆ ಮೇಲೆ ಬಿಸಿನೀರು ಬಿತ್ತು. ಅಪ್ಪನ ಬಾಯಿಂದ ನೀರಿನ ಸೂಕ್ತ ಬಂತು. ಪೂರ್ತಿ. ಒಂದಕ್ಷರ ತೊದಲಲಿಲ್ಲ. ಚೊಂಬು ಹಿಡಿದು ನಿಂತೇ ಇದ್ದೆ.

ಮುಗಿದ ಮೇಲೆ ಚೊಂಬು ತೋರಿಸಿ ಕೇಳಿದೆ. "ಇದರಲ್ಲೇನಿದೆ ಅಪ್ಪಾ?"

"ಅದು… ಅದು…"

ಮಾತಿನ ಡಾಕ್ಟರ್‌ಗೆ ಫೋನ್ ಮಾಡಿದೆ. "ಬಾಯಿಪಾಠ ಬೇರೆ ಥರ ಉಳ್ಕೊಂಡಿರತ್ತೆ. ಹಾಡು, ಮಗ್ಗಿ, ಪ್ರಾರ್ಥನೆ… ಮಾತು ಬಂದೇಬಿಡ್ತು ಅಂದ್ಕೋಬೇಡಿ," ಅಂದಳು. ಆಮೇಲೆ, "ಜೊತೆಗೆ ಹೇಳೋರು ಯಾರಾದ್ರೂ ಇದ್ದಾರಾ? ಎದುರಿನವರ ಮುಖ ನೋಡೋದು, ತಮ್ಮ ಸರದಿ ಕಾಯೋದು… ಅದೂ ಒಂಥರಾ ಮಾತೇ ಅಲ್ವಾ."

ನೋಡ್ತೀನಿ ಅಂದೆ.

ಮಾರ್ಚ್ 10

ಇರೋದು ಚಿಕ್ಕಪ್ಪ ಒಬ್ಬರೇ.

ಹಿಂದೆ ಅಪ್ಪನೂ ಅವರೂ ಎದುರುಬದುರು ಕೂತು ಕ್ರಮಪಾಠ ಹೇಳ್ತಿದ್ದರು. ಮೊದಲನೇ ಪದ, ಎರಡನೇ ಪದ ಸೇರಿಸಿ ಒಬ್ಬರು. ಎರಡನೇದು, ಮೂರನೇದು ಇನ್ನೊಬ್ಬರು. ಮೂರು, ನಾಲ್ಕು ಮತ್ತೆ ಮೊದಲಿನವರು. ಸರಪಳಿ ಹೆಣೆದ ಹಾಗೆ. ಪುಸ್ತಕ ಮುಟ್ಟೋ ಹಾಗಿಲ್ಲ. ಒಬ್ಬರು ತಪ್ಪಿದರೆ ಎದುರಿನವರು ಹಿಡೀಬೇಕು. ವೇದ ಇಷ್ಟು ಕಾಲ ಉಳಿದಿದ್ದೇ ಹಾಗೆ ಅನ್ನೋರು ಅಪ್ಪ. ನನ್ನನ್ನ ಕೂರಿಸಲಿಲ್ಲ. ಹೆಣ್ಣುಮಕ್ಕಳಿಗೆ ಹೇಳಿಕೊಡೋ ಪದ್ಧತಿ ಇಲ್ಲ. ಒಳಗಿಂದ ಕೇಳಿಸ್ತಿತ್ತು, ಅಷ್ಟೇ.

ಆಮೇಲೆ ಚಿಕ್ಕಪ್ಪ ಪಾಠ ಬಿಟ್ಟು ಡ್ರೈವಿಂಗ್ ಸ್ಕೂಲ್ ತೆರೆದರು. "ವೇದ ಕ್ಲಚ್ಚು ಬ್ರೇಕಿಗೆ ಬಂತೇನೋ," ಅಂದರು ಅಪ್ಪ. ಅವತ್ತಿಂದ ಮಾತಿಲ್ಲ. ಅಮ್ಮ ಹೋದಾಗಲೂ ಚಿಕ್ಕಪ್ಪ ಗೇಟಿನ ಹೊರಗೇ ನಿಂತು ಹೋದರು.

ಫೋನ್ ಮಾಡಿ ಎಲ್ಲ ಹೇಳಿದೆ. "ಬರ್ತೀನಿ."

ಮಾರ್ಚ್ 13, ಸಂಜೆ

ಬಂದರು. ಕುರ್ಚಿ ಎಳೆದುಕೊಂಡು ಅಪ್ಪನ ಎದುರು ಕೂತರು. ಹೇಗಿದ್ದೀಯ ಅನ್ನಲಿಲ್ಲ. ಏಳನೇ ಮಂಡಲದ ಕಪ್ಪೆಗಳ ಸೂಕ್ತ ಎತ್ತಿಕೊಂಡರು. ವರ್ಷವಿಡೀ ಬಾಯಿ ಮುಚ್ಚಿಕೊಂಡಿದ್ದ ಕಪ್ಪೆಗಳು ಮೋಡ ಕಂಡು ಕೂಗ್ತವೆ. ಗುರು ಹೇಳಿದ್ದನ್ನ ಶಿಷ್ಯ ಹೇಳಿದ ಹಾಗೆ ಒಂದರ ಕೂಗನ್ನ ಇನ್ನೊಂದು ಹಿಡೀತದೆ. ಚಿಕ್ಕವಳಿದ್ದಾಗ ಅರ್ಥ ಹೇಳಿ ನಗಿಸಿದ್ದವರೂ ಇವರೇ.

ಮೊದಲ ಜೋಡಿ ಪದ ಚಿಕ್ಕಪ್ಪ ಹೇಳಿದರು. ಕಾದರು. ಎರಡನೇದು ಅಪ್ಪ. ದನಿಗೆ ತುಕ್ಕು ಹಿಡಿದಿತ್ತು, ಪದಕ್ಕೆ ಹಿಡಿದಿರಲಿಲ್ಲ.

ನಡುವೆ ಚಿಕ್ಕಪ್ಪನ ಸ್ವರ ಜಾರಿತು. ಅಪ್ಪನ ಎಡಗೈ ಮೇಲೆದ್ದಿತು. ಚಿಕ್ಕಪ್ಪ ತಿದ್ದಿ ಹೇಳೋತನಕ ಇಳಿಯಲಿಲ್ಲ.

"ನೋಡು ಪುಟ್ಟೀ, ಬಾಯಿ ಬಿದ್ದುಹೋದ್ರೂ ಬೈಯೋದು ಬಿಟ್ಟಿಲ್ಲ ನಮ್ಮಣ್ಣ." ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನ್ನ ಕಣ್ಣು ಹೋಗಿದ್ದು ಫ್ರೇಮಿನ ಕಡೆಗೆ. ಒಂದು ಕಡ್ಡಿ ಸಡಿಲ. ಬಿಗಿ ಮಾಡಿಕೊಟ್ಟೆ.

ಮಾರ್ಚ್ 27

ದಿನಾ ಬರ್ತಾರೆ. ಡ್ರೈವಿಂಗ್ ಕಲಿಸೋ ಕಾರಲ್ಲೇ. ಸಂಜೆಯಾದರೆ ಅಪ್ಪ ಬಾಗಿಲು ನೋಡ್ತಾರೆ.

ಇವತ್ತು ಜೂಜುಗಾರನ ಸೂಕ್ತ. ಅತ್ತೆ ಸೇರಲ್ಲ, ಹೆಂಡತಿ ಹತ್ತಿರ ಬಿಟ್ಟುಕೊಳ್ಳಲ್ಲ, ದಾಳ ಬಿಡೋಕಾಗಲ್ಲ ಅಂತ ಗೋಳಾಡ್ತಾನೆ. ಮುಗಿದ ಮೇಲೆ ಚಿಕ್ಕಪ್ಪ, "ಅಣ್ಣಾ, ವೇದದಲ್ಲಿ ಇಂಥವನಿಗೂ ಜಾಗ ಇದೆ. ಡ್ರೈವಿಂಗ್ ಮೇಷ್ಟ್ರಿಗೆ ಇರಲ್ವಾ?"

ಅಪ್ಪ ಎಡಗೈ ಚಾಚಿ ಚಿಕ್ಕಪ್ಪನ ಮೊಣಕಾಲು ತಟ್ಟಿದರು.

ಏಪ್ರಿಲ್ 19

ಅಪ್ಪನಿಗೆ ಲಕ್ವ ಇನ್ನೊಂದು ಸಲ ಹೊಡೀತು. ಇವತ್ತು ಆಸ್ಪತ್ರೆಯಿಂದ ಮನೆಗೆ. ಈಗ ಬಾಯಿಪಾಠವೂ ಇಲ್ಲ, "ಅದು" ಕೂಡ ಇಲ್ಲ. ಕಣ್ಣು ತೆರೆದಿರ್ತಾರೆ. ಎಷ್ಟು ತಿಳಿಯತ್ತೋ ಹೇಳೋಕಾಗಲ್ಲ ಅಂದರು ಆಸ್ಪತ್ರೆಯವರು. ಮಾತಿನ ಡಾಕ್ಟರ್ ಕಾರ್ಡುಗಳನ್ನ ಬ್ಯಾಗಿಂದ ತೆಗೆಯಲೇ ಇಲ್ಲ.

ಹಾಸಿಗೆ ಬಟ್ಟೆ ಒಗೆದೆ. ಒಣಗಿಲ್ಲ.

ಏಪ್ರಿಲ್ 24

ಚಿಕ್ಕಪ್ಪ ಬರೋದು ನಿಲ್ಲಿಸಿಲ್ಲ. ತಮ್ಮ ಜೋಡಿ ಹೇಳ್ತಾರೆ. ಅಪ್ಪನ ಜೋಡಿಗೆ ಜಾಗ ಬಿಟ್ಟು ಕಾಯ್ತಾರೆ. ಅಪ್ಪನ ಉಸಿರಷ್ಟೇ ಕೇಳಿಸತ್ತೆ. ಚಿಕ್ಕಪ್ಪ ತಮ್ಮ ಮುಂದಿನ ಜೋಡಿಗೆ ಹೋಗ್ತಾರೆ.

ಏಪ್ರಿಲ್ 28, ಸಂಜೆ

ಇವತ್ತು ಚಿಕ್ಕಪ್ಪ ಬೇಕಂತಲೇ ತಪ್ಪು ಹೇಳಿದರು. ಮತ್ತೆ ಕಪ್ಪೆಗಳ ಸೂಕ್ತ. ಅಪ್ಪನ ಎಡಗೈ ನೋಡಿದರು. ಏಳಲಿಲ್ಲ. ಅದೇ ತಪ್ಪು, ಇನ್ನೂ ಜೋರಾಗಿ. ಏಳಲಿಲ್ಲ. ಮೂರನೇ ಸಲಕ್ಕೆ ದನಿ ಒಡೀತು.

ಹಿಂದಿನ ರೂಮಿನ ಬಾಗಿಲಲ್ಲಿ ಬಟ್ಟೆ ಮಡಚ್ತಿದ್ದೆ, ಎಲ್ಲ ಕಾಣ್ತಿತ್ತು. ಸರಿಯಾದ ಪದ ನನ್ನ ಬಾಯಿಂದ ಬಂತು. ನಾನು ಹೇಳಲಿಲ್ಲ. ಬಂತು.

ಚಿಕ್ಕಪ್ಪ ತಿರುಗಿ ನೋಡಲಿಲ್ಲ. "ಮುಂದಿನದು?"

ಹೇಳಿದೆ.

"ಇಲ್ಲಿ ಬಾ. ಎದುರು ಕೂತು ಹೇಳು."

"ಅಪ್ಪನಿಗೆ ಸರಿಹೋಗಲ್ಲ ಚಿಕ್ಕಪ್ಪ."

"ಬೇಡ ಅಂತ ಕೈ ಎತ್ತಲಿ. ನಿಲ್ಲಿಸೋಣ."

ಮಂಚದ ಅಂಚಿಗೆ ಕೂತೆ. ಅವರ ಜೋಡಿ. ನನ್ನ ಜೋಡಿ. ಅವರದು. ನನ್ನದು. ಹೊದಿಕೆ ಮೇಲಿದ್ದ ಅಪ್ಪನ ತೋರುಬೆರಳು ಅಲುಗಿತು. ಸಾಕು ಅಂತಿರಬೇಕು. ನಿಲ್ಲಿಸಿದೆ. ಬೆರಳು ಕೆಳಕ್ಕೆ ಒತ್ತಿತು. ಒತ್ತಿಕೊಂಡೇ ಇತ್ತು.

ಚಿಕ್ಕಪ್ಪ ಮೆಲ್ಲಗೆ ಅಂದರು, "ನಿಲ್ಲಿಸು ಅಂತಲ್ಲ. ಸ್ವರ ಇಳಿಸು ಅಂತಿದಾನೆ. ಎತ್ತರಕ್ಕೆ ಹೋದೆ ನೀನು."

ಇಳಿಸಿದೆ. ಇನ್ನೂ ಒತ್ತಿದರು. ಇನ್ನೂ ಇಳಿಸಿದೆ. ಬೆರಳು ಸಡಿಲಾಯ್ತು.

ಮುಂದಿನ ಜೋಡಿ ನನ್ನದಲ್ಲ, ಚಿಕ್ಕಪ್ಪನದು. ಆದರೂ ಅವರು ಅಪ್ಪನ ಕೈಯನ್ನೇ ನೋಡ್ತಾ ಕೂತಿದ್ದರು, ಅದಕ್ಕೆ ಅದನ್ನೂ ನಾನೇ ಹೇಳಿದೆ.